ಗೌರವವುಂಟು, ಧನವಿಲ್ಲ

ನಮ್ಮ ಸಂಘದ ವಾಚನಾಲಯಕ್ಕೆ ಗ್ರಂಥಪಾಲಕರು ಬೇಕೆಂಬ ಪ್ರಕಟಣೆ ಕಳೆದ ಎರಡು ಸಂಚಿಕೆಗಳಲ್ಲಿಯೂ ಅಚ್ಚಾಯಿತು. ಬಂದ ಅರ್ಜಿ ಒಂದೇ. ಬರೆದವರು ನಿವೃತ್ತ ಬ್ಯಾಂಕ್ ನೌಕರರು, ವಯಸ್ಸು ಎಪ್ಪತ್ತೊಂದು. ಇಂದಿನ ತರುಣರಲ್ಲಿ ಸೇವಾಮನೋಭಾವವಿಲ್ಲವೆಂದು ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು ಮರುಗಿದರು. ನನಗೆ ಹಾಗನ್ನಿಸುವುದಿಲ್ಲ. ನಾವು ಕೊಡುತ್ತೇವೆಂದದ್ದು 'ಗೌರವಧನ'. ಧನ ಕಡಿಮೆಯಾದಾಗಲೆಲ್ಲ ಗೌರವವನ್ನು ಮುಂದಿಡುವುದು ನಮ್ಮ ಸಂಘಸಂಸ್ಥೆಗಳ ಹಳೆಯ ಚಾಳಿ. ಮುಂಬಯಿಯಲ್ಲಿ ಮನೆಬಾಡಿಗೆಯನ್ನು ಗೌರವದಿಂದ ತೆರಲಾಗದು.

ಇದು ನಮ್ಮೊಬ್ಬರ ಕಥೆಯಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಹಣ ಬರುವ ದಾರಿಯೇ ಬದಲಾಗಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಹಣ ಬಂತು, ನಿಜ. ಆದರೆ ಅದು ಯೋಜನೆಯ ಬೆನ್ನೇರಿ ಬರುತ್ತದೆ, ಯೋಜನೆ ಮುಗಿದೊಡನೆ ಹೊರಟುಹೋಗುತ್ತದೆ. ಅದರ ಹಿಂದೆಯೇ ನೌಕರನೂ. ವಿದೇಶೀ ದೇಣಿಗೆಯ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಯೊಂದು ತಾನು ಪಡೆದ ವಿದೇಶೀ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುವುದನ್ನೂ ನಿಷೇಧಿಸಿತು. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚದಲ್ಲಿ ಸೇರದು. ಲೆಕ್ಕ ಬರೆಯುವವರದು, ಕಚೇರಿ ನಡೆಸುವವರದು ಸೇರುತ್ತದೆ. ಲೆಕ್ಕ ಚೊಕ್ಕವಾಗಿರಬೇಕೆನ್ನುವ ಸರ್ಕಾರವೇ ಲೆಕ್ಕಿಗನ ಸಂಬಳಕ್ಕೆ ಕತ್ತರಿ ಹಾಕಿದ ಸೋಜಿಗವಿದು!

1936ರಿಂದ ಸಮಾಜಕಾರ್ಯಕರ್ತರನ್ನು ಸಿದ್ಧಗೊಳಿಸುತ್ತ ಬಂದ, ಇಂದು ದೇವನಾರದಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೂ ಇದರ ಬಿಸಿ ತಟ್ಟದೆ ಇರಲಿಲ್ಲ. 2024ರ ಜೂನ್ ಕೊನೆಯಲ್ಲಿ, ದತ್ತಿಯ ಅನುದಾನದಿಂದ ಸಂಬಳ ಪಡೆಯುತ್ತಿದ್ದ ನೂರಕ್ಕೂ ಹೆಚ್ಚು ಮಂದಿಗೆ ಒಪ್ಪಂದ ಮುಂದುವರಿಯದೆಂಬ ಪತ್ರ ಹೋಯಿತು. ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಆದರೆ ಆ ಕೆಲವು ದಿನಗಳ ನಿದ್ದೆಯನ್ನು ಮರಳಿ ಕೊಡುವವರಾರು?

ನನ್ನ ಪರಿಚಯದ ಬೆಳಗಾವಿ ಕಡೆಯ ತರುಣಿಯೊಬ್ಬಳು ಐದು ವರ್ಷಗಳಲ್ಲಿ ನಾಲ್ಕು ಸಂಸ್ಥೆಗಳನ್ನು ಕಂಡವಳು. "ಕೆಲಸದ ಬ್ಯಾಸರಿಲ್ರೀ, ಮಾರ್ಚ್ ಬಂತಂದ್ರ ಎದಿ ಧಸಕ್ ಅಂತೈತಿ" ಎಂದಳು. ಈಗ ಆಕೆ ಒಂದು ವಿಮಾ ಕಚೇರಿಯಲ್ಲಿದ್ದಾಳೆ. ಇವಳಿಗೆ ಸೇವಾಮನೋಭಾವವಿರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಕಾಯ್ದೆಗಳನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಆಯವ್ಯಯ ನಮ್ಮ ಕೈಯಲ್ಲಿದೆ. ರಾಜ್ಯೋತ್ಸವದ ಹಾರ, ಶಾಲು, ಸ್ಮರಣಿಕೆಗಳ ಖರ್ಚನ್ನು ಅರ್ಧಕ್ಕಿಳಿಸಿ, ಉಳಿದುದನ್ನು ಗ್ರಂಥಪಾಲಕರ ಮಾಸಿಕ ಸಂಬಳಕ್ಕೆ ಮೀಸಲಿಡಬೇಕೆಂಬ ಗೊತ್ತುವಳಿಯನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಲಿದ್ದೇನೆ. ಸದಸ್ಯರು ವಿರೋಧಿಸುವುದಾದರೆ ಬಂದು ವಿರೋಧಿಸಲಿ. ಅಲ್ಲಿಯವರೆಗೆ, ಅರ್ಜಿ ಹಾಕಿದ ಆ ಹಿರಿಯರೇ ಮಂಗಳವಾರ ಮತ್ತು ಶನಿವಾರ ಸಂಜೆ ವಾಚನಾಲಯದ ಬಾಗಿಲು ತೆರೆಯುತ್ತಾರೆ.