ಸಾಧಕನ ನಾಳೆ

ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಒಂದು ಹೊಸ ಬಗೆಯ ಗೃಹಸ್ಥನು ಕಾಣಬರುತ್ತಿದ್ದಾನೆ. ಇವನು ಸಂನ್ಯಾಸಿಯಲ್ಲ; ಸಂಸಾರಿಯೆನ್ನಲೂ ಬಾಯಿ ಬಾರದು. ಬೆಳಗಿನ ಜಾವ ಧ್ಯಾನ, ವಾರಕ್ಕೊಂದು ಪ್ರವಚನ, ವರ್ಷಕ್ಕೆರಡು ಶಿಬಿರ. ತನ್ನ ಕೋಪವೆಷ್ಟು ಇಳಿಯಿತು, ಆಸೆಯೆಷ್ಟು ಉಳಿಯಿತು ಎಂಬುದನ್ನು ಸಾಹುಕಾರನ ಖಾತೆಯಂತೆ ದಿನಚರಿಯಲ್ಲಿ ಬರೆದಿಡುವನು. ಮಗಳು ಪಾಠದ ಸಂದೇಹ ಕೇಳಲು ಬಂದರೆ ಧ್ಯಾನ ಕೆಟ್ಟಿತೆಂದು ಸಿಡಿಮಿಡಿಗೊಳ್ಳುವನು. ರಾತ್ರಿ ಆ ಸಿಡಿಮಿಡಿಯನ್ನೇ ದೋಷವೆಂದು ದಾಖಲುಮಾಡಿ, ಅದರ ನಿವಾರಣೆಗಾಗಿ ಮರುದಿನ ಇನ್ನೊಂದು ಗಳಿಗೆ ಹೆಚ್ಚಾಗಿ ಕದವಿಕ್ಕಿಕೊಳ್ಳುವನು. ಮನಸ್ಸು ಪರಿಶುದ್ಧವಾದ ಮೇಲೆ ಮಿಕ್ಕುದೆಲ್ಲ ತಾನಾಗಿ ಸರಿಹೋಗುವುದೆಂಬುದು ಇವನ ಸಿದ್ಧಾಂತ. ಆ ಶುಭದಿನ ಬರುವವರೆಗೆ ಮುದಿ ತಂದೆಗೆ ಔಷಧಿ ತರುವುದು, ಸಾಲಗಾರನಿಗೆ ಉತ್ತರ ಹೇಳುವುದು, ಬಾಗಿಲಿಗೆ ಬಂದವರನ್ನು ಮಾತನಾಡಿಸುವುದು, ಎಲ್ಲವೂ ಹೆಂಡತಿಯ ಪಾಲು. ಆಕೆಗೆ ಆತ್ಮವೊಂದಿದೆಯೆಂಬುದು ಇವನ ವೇದಾಂತದಲ್ಲಿ ಎಲ್ಲಿಯೋ ಬರುವುದು. ಮನೆಯ ಲೆಕ್ಕದಲ್ಲಿ ಬಾರದು.

ಈ ಸಿದ್ಧಾಂತಕ್ಕೆ ಭರತಖಂಡದ ಪರಂಪರೆಯೇ ಆಧಾರವೆಂದು ಇಂಥವರು ಹೇಳಿಕೊಳ್ಳುವುದುಂಟು. ಪರಂಪರೆಯು ಇವರ ಕಡೆಗೆ ಸಾಕ್ಷಿ ನುಡಿಯುವುದೇ ಎಂಬುದನ್ನು ಪರೀಕ್ಷಿಸಬೇಕು. ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆಯಿದೆ. ಮರದಡಿಯಲ್ಲಿ ವೇದವನ್ನು ಹೇಳಿಕೊಳ್ಳುತ್ತಿದ್ದವನ ಮೇಲೆ ಕೊಕ್ಕರೆಯೊಂದು ಹಿಕ್ಕೆಯಿಕ್ಕಿತು; ಅವನು ಕಣ್ಣು ಕೆಂಪಾಗಿಸಿ ನೋಡಿದ ಮಾತ್ರಕ್ಕೆ ಅದು ಸತ್ತುಬಿದ್ದಿತು. ಅಷ್ಟು ತಪಸ್ಸು, ಅಷ್ಟೇ ಕೋಪ! ಅನಂತರ ಭಿಕ್ಷೆಗೆ ಹೋದ ಮನೆಯಲ್ಲಿ ಗೃಹಿಣಿಯು ಹಸಿದು ಬಂದ ಗಂಡನಿಗೆ ಬಡಿಸುತ್ತ ತಡಮಾಡಿದಳು. ಇವನು ಹುಬ್ಬು ಗಂಟಿಕ್ಕಲು, ತಾನು ಕೊಕ್ಕರೆಯಲ್ಲವೆಂದು ಆಕೆ ಶಾಂತವಾಗಿಯೇ ತಿಳಿಸಿದಳು. ಕಾಡಿನಲ್ಲಿ ನಡೆದುದು ಒಲೆಯ ಮುಂದೆ ನಿಂತವಳಿಗೆ ಗೊತ್ತಾದ ಬಗೆ ಹೇಗೆ? ಧರ್ಮವನ್ನು ತಿಳಿಯಬೇಕಾದರೆ ಮಿಥಿಲೆಯ ವ್ಯಾಧನಲ್ಲಿಗೆ ಹೋಗೆಂದು ಆಕೆಯೇ ಅವನನ್ನು ಕಳುಹಿಸಿದಳು. ಅಲ್ಲಿ ಮಾಂಸದಂಗಡಿಯಲ್ಲಿ ಕುಳಿತವನೇ ಗುರು! ಅವನು ಕೌಶಿಕನಿಗೆ ಬಹಳ ತತ್ತ್ವವನ್ನು ಹೇಳಿದನು ನಿಜ. ಆದರೆ ತತ್ತ್ವವನ್ನೆಲ್ಲ ಹೇಳಿ, ಮನೆಯೊಳಕ್ಕೆ ಕರೆದೊಯ್ದು ತನ್ನ ಮುದಿ ತಾಯಿತಂದೆಗಳನ್ನು ತೋರಿಸಿ, ಕಡೆಗೆ ಆಡಿದ ಮಾತೇ ಇಲ್ಲಿ ಮುಖ್ಯವಾದುದು. ಅಪ್ಪಣೆಯಿಲ್ಲದೆ ಬಿಟ್ಟುಬಂದ ತಾಯಿತಂದೆಗಳು ನಿನ್ನ ಶೋಕದಿಂದಲೇ ಕುರುಡರಾಗಿದ್ದಾರೆ, ಮೊದಲು ಹೋಗಿ ಅವರನ್ನು ಸಂತೈಸು ಎಂದನು. ವೇದಾಧ್ಯಯನವೆಂಬ ಉತ್ತಮ ಕಾರಣಕ್ಕಾಗಿಯೇ ಆತನು ಮನೆಬಿಟ್ಟಿದ್ದನೆಂಬುದನ್ನು ಗಮನಿಸತಕ್ಕದ್ದು. ಕಾರಣದ ಉತ್ತಮಿಕೆಯು ಆ ಮುದುಕರ ಕಣ್ಣುಗಳನ್ನು ಹಿಂದಕ್ಕೆ ತಂದುಕೊಡಲಿಲ್ಲ.

ಪೂರ್ಣತೆಯ ಹಟವು ಸಾಧನೆಗೇ ಶತ್ರುವೆಂಬುದನ್ನು ಬುದ್ಧನ ಶಿಷ್ಯನಾದ ಸೋಣನು ತನ್ನ ಅಂಗಾಲುಗಳಲ್ಲಿ ಕಲಿತನು. ನಡೆನಡೆದು ಧ್ಯಾನಿಸಿ ನಡೆದ ಹಾದಿಯೆಲ್ಲ ನೆತ್ತರಾಯಿತು, ಬಂಧನವೊಂದೂ ಕಳಚಲಿಲ್ಲ. ವೀಣೆಯನ್ನು ಬಲ್ಲ ಅವನಿಗೆ ಬುದ್ಧನು ತಂತಿಯ ಮಾತನ್ನೇ ಎತ್ತಿದನು: ಅತಿಯಾಗಿ ಬಿಗಿದರೂ ನುಡಿಯದು, ಸಡಿಲಿಸಿದರೂ ನುಡಿಯದು. ಗೀತೆಯ ಹದಿನೆಂಟನೆಯ ಅಧ್ಯಾಯದ ಮಾತು ಇದಕ್ಕಿಂತಲೂ ನಿಷ್ಠುರವಾದುದು. ದೋಷವಿದೆಯೆಂಬ ಕಾರಣದಿಂದ ಸಹಜವಾದ ಕರ್ಮವನ್ನು ಬಿಡತಕ್ಕದ್ದಲ್ಲ, ಬೆಂಕಿಯನ್ನು ಹೊಗೆ ಕವಿದಿರುವಂತೆ ಎಲ್ಲ ಉದ್ಯಮಗಳನ್ನೂ ದೋಷವು ಕವಿದೇ ಇರುವುದು ಎಂದು ಕೃಷ್ಣನು ಹೇಳುತ್ತಾನೆ. ಹೊಗೆ ಪೂರ್ತಿ ಅಡಗಿದ ಮೇಲೆ ಅನ್ನ ಬೇಯಿಸುವೆನೆನ್ನುವವನ ಮನೆಯಲ್ಲಿ ಮಕ್ಕಳ ಗತಿಯೇನು?

ಇದಕ್ಕೆ ಪ್ರತಿಯಾಗಿ ಮತ್ತೊಂದು ಪಂಥವು ಎದ್ದಿದೆ. ನಿನ್ನೆಯಿಲ್ಲ, ನಾಳೆಯಿಲ್ಲ, ಈ ಕ್ಷಣವೊಂದೇ ಸತ್ಯವೆಂದು ಇದರ ಘೋಷಣೆ. 1979ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಬೌದ್ಧಧ್ಯಾನವನ್ನು ಕೆಲವು ವಾರಗಳ ಶಿಕ್ಷಣವಾಗಿ ಅಳವಡಿಸಿದರು. ರೋಗಿಯ ಮಟ್ಟಿಗೆ ಅದು ಉಪಕಾರವೇ ಸರಿ; ಅದನ್ನು ಹಳಿಯಬೇಕಾದುದಿಲ್ಲ. ಆದರೆ ಅಲ್ಲಿಂದ ಪೇಟೆಗಿಳಿದ ಸರಕು ಬೇರೆ. ಕೊಟ್ಟ ಮಾತು ನಿನ್ನೆಯದು, ತೀರಿಸಬೇಕಾದ ಸಾಲ ನಾಳೆಯದು, ಆದುದರಿಂದ ಎರಡೂ ಮಿಥ್ಯೆ ಎಂಬ ಸುಲಭ ವೇದಾಂತ ಅದು! ಇವರು ಜಪಿಸುವ ತತ್ತ್ವದ ಮೂಲವಾದ ಪಾಲಿ ಶಬ್ದವು ‘ಸತಿ’. ಅದು ಸಂಸ್ಕೃತದ ‘ಸ್ಮೃತಿ’ಯೇ. ನೆನಪೆಂದು ಅರ್ಥವುಳ್ಳ ಶಬ್ದದಿಂದ ಮರೆವಿನ ಧರ್ಮವನ್ನು ಕಟ್ಟಿರುವುದು ವಿಚಿತ್ರವೇ ಸರಿ. ಪೂರ್ಣತೆಯ ಸಾಧಕನು ಕೆಲಸವನ್ನು ನಾಳೆಗೆ ತಳ್ಳುವನು, ಕ್ಷಣವಾದಿಯು ನಾಳೆಯನ್ನೇ ಇಲ್ಲವೆನ್ನುವನು. ಅಡಿಗೆಮನೆಯಲ್ಲಿ ಇರುವವಳಿಗೆ ಈ ಇಬ್ಬರಲ್ಲಿ ಭೇದ ಕಾಣದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ವ್ಯಾಜ್ಯವು ಒಮ್ಮೆ ತೀರ್ಮಾನವಾಗಿತ್ತು. ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಯಿಸುತ್ತಿದ್ದವನು. ಅಲ್ಲಮಪ್ರಭುವಿನ ಸಂಗಡ ತತ್ತ್ವಚರ್ಚೆಯಲ್ಲಿ ಮೈಮರೆತವನನ್ನು, ಕಾಯಕ ನಿಂತುಹೋಯಿತೆಂದು ಎಬ್ಬಿಸಿ ಕಳುಹಿಸಿದವಳು ಹೆಂಡತಿ ಲಕ್ಕಮ್ಮ. ಎದುರಿಗಿದ್ದವನು ಅಲ್ಲಮನಂಥವನಾದರೂ ಆಕೆ ಹಿಂಜರಿಯಲಿಲ್ಲ. ಮತ್ತೊಮ್ಮೆ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದುಬರುವಂತೆ ಮಾಡಿದವಳೂ ಆಕೆಯೇ. ಇಂದಿನ ಅಕ್ಕಿ ಇಂದಿಗೆ. ಶಿಬಿರಗಳಲ್ಲಿ ಹಣಕೊಟ್ಟು ಕಲಿಯುವ ವರ್ತಮಾನವು ಇದಕ್ಕಿಂತ ಏನನ್ನು ಹೆಚ್ಚಾಗಿ ಹೇಳೀತು?

ಮನೆಬಿಟ್ಟ ಮಹಾತ್ಮರಿಲ್ಲವೆ ಎಂದು ಆಕ್ಷೇಪಿಸಬಹುದು. ರಮಣರ ಹೆಸರನ್ನು ಎತ್ತದೆ ಈ ವಾದ ಮುಗಿಯುವುದೂ ಇಲ್ಲ. 1896ರಲ್ಲಿ ಮಧುರೆಯಿಂದ ಹದಿನಾರರ ಹುಡುಗನೊಬ್ಬನು ತಿರುವಣ್ಣಾಮಲೆಗೆ ಹೊರಟುಹೋದುದು ನಿಜ. ಆದರೆ ಮನೆಬಿಡಲು ಅನುಮತಿ ಬೇಡಿದ ಗೃಹಸ್ಥರಿಗೆ ಅವರು ಆ ದಾರಿಯನ್ನು ತೋರಿಸುತ್ತಿರಲಿಲ್ಲ. ಮನಸ್ಸು ಎಲ್ಲಿಗೆ ಹೋದರೂ ಜೊತೆಗೇ ಬರುವುದೆಂಬುದೇ ಅವರ ಉತ್ತರ. 1916ರಲ್ಲಿ ತಾಯಿ ಅಳಗಮ್ಮಾಳ್ ಬಂದು ಅವರೊಡನೆ ನೆಲಸಿದರು. 1922ರಲ್ಲಿ ಆಕೆಯ ಅಂತ್ಯಕಾಲದಲ್ಲಿ ಮಗನು ಗಂಟೆಗಟ್ಟಲೆ ಪಕ್ಕದಲ್ಲಿ ಕುಳಿತು, ಎದೆಯ ಮೇಲೊಂದು ತಲೆಯ ಮೇಲೊಂದು ಕೈಯಿಟ್ಟಿದ್ದನು. ಆಮೇಲೆ ಬೆಳೆದ ಆಶ್ರಮದಲ್ಲಿ ವರ್ಷಗಟ್ಟಲೆ, ನಸುಕಿನಲ್ಲೆದ್ದು ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವರಲ್ಲಿ ಮಹರ್ಷಿಗಳೂ ಒಬ್ಬರು. ಅವರ ಚಿತ್ರವನ್ನು ಧ್ಯಾನದ ಕೋಣೆಯಲ್ಲಿ ತೂಗುಹಾಕಿಕೊಂಡಿರುವ ಗೃಹಸ್ಥರಲ್ಲಿ ಎಷ್ಟು ಮಂದಿಗೆ ತಮ್ಮ ಮನೆಯ ಈಳಿಗೆಮಣೆ ಎಲ್ಲಿದೆಯೆಂಬುದು ಗೊತ್ತು?