ಕಾರೋ, ವ್ಯಾನೋ? ಬ್ರಿಟನ್ನಿನ ಪಿಕಪ್ ತೆರಿಗೆ

2025ರ ಏಪ್ರಿಲ್ 6ರಿಂದ ಬ್ರಿಟನ್ನಿನ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಬಹುತೇಕ ಡಬಲ್ ಕ್ಯಾಬ್ ಪಿಕಪ್‌ಗಳು ವ್ಯಾನ್‌ಗಳಾಗಿ ಉಳಿದಿಲ್ಲ, ಅವು ಕಾರುಗಳು. ವಾಹನದಲ್ಲಿ ಒಂದು ಮೊಳೆಯೂ ಬದಲಾಗಿಲ್ಲ. ಎರಡು ಸಾಲು ಆಸನ, ನಾಲ್ಕು ಬಾಗಿಲು, ಹಿಂದೆ ಸರಕು ಹೇರಲು ತೆರೆದ ತೊಟ್ಟಿ. ಟೊಯೊಟ ಹೈಲಕ್ಸ್, ಫೋರ್ಡ್ ರೇಂಜರ್, ಇಸುಜು ಡಿ-ಮ್ಯಾಕ್ಸ್‌ಗಳ ರೂಪ ಹಿಂದಿನಂತೆಯೇ ಇದೆ. ಬದಲಾದದ್ದು ಹೆಸರು ಮಾತ್ರ. ಕಂಪನಿಯ ವಾಹನವನ್ನು ಮನೆಗೂ ಒಯ್ಯುವ ನೌಕರನಿಗೆ ಆ ಹೆಸರಿನ ಬೆಲೆ ವರ್ಷಕ್ಕೆ ಸಾವಿರಾರು ಪೌಂಡು.

ಇದರ ಹಿಂದಿನ ತತ್ವ ಸರಳವಾದದ್ದು. ಉದ್ಯೋಗದಾತರು ಕೊಟ್ಟ ವಾಹನವನ್ನು ನೌಕರ ಸ್ವಂತ ಕೆಲಸಕ್ಕೂ ಬಳಸಿದರೆ ಆ ಬಳಕೆ ಸಂಬಳದ ಒಂದು ಭಾಗವೇ; ಆದ್ದರಿಂದ ಅದಕ್ಕೂ ತೆರಿಗೆ ಸಲ್ಲಬೇಕು. ತೊಡಕಿರುವುದು ಆ ಭಾಗಕ್ಕೆ ಬೆಲೆ ಕಟ್ಟುವುದರಲ್ಲಿ. ವ್ಯಾನ್ ಆಗಿದ್ದರೆ ಬ್ರಿಟನ್ ಒಂದು ನಿಗದಿತ ಮೊತ್ತವನ್ನು ನೌಕರನ ಆದಾಯಕ್ಕೆ ಸೇರಿಸುತ್ತದೆ. 2025-26ರ ಸಾಲಿಗೆ ಅದು 4,020 ಪೌಂಡ್. ಕಾರಾಗಿದ್ದರೆ ಲೆಕ್ಕ ಬೇರೆ. ಅದರ ಪಟ್ಟಿ ಬೆಲೆಯ ಇಂತಿಷ್ಟು ಭಾಗವೆಂದು ಲೆಕ್ಕ ಹಾಕಲಾಗುತ್ತದೆ. ಇಂಗಾಲದ ಹೊಗೆ ಹೆಚ್ಚಿದಂತೆ ಆ ಪ್ರಮಾಣವೂ ಏರುತ್ತ ಗರಿಷ್ಠ ಶೇ 37ಕ್ಕೆ ನಿಲ್ಲುತ್ತದೆ. ದೊಡ್ಡ ಡೀಸೆಲ್ ಪಿಕಪ್‌ಗಳು ಸಾಮಾನ್ಯವಾಗಿ ಆ ಗರಿಷ್ಠ ಮಟ್ಟದಲ್ಲೇ ಇರುತ್ತವೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. 40,000 ಪೌಂಡ್ ಪಟ್ಟಿ ಬೆಲೆಯ ಪಿಕಪ್ ಎಂದುಕೊಳ್ಳೋಣ. ವ್ಯಾನ್ ಎನಿಸಿಕೊಂಡರೆ ಶೇ 20ರ ತೆರಿಗೆ ದರದ ನೌಕರ ವರ್ಷಕ್ಕೆ ಕಟ್ಟಬೇಕಾದದ್ದು 804 ಪೌಂಡ್. ಕಾರು ಎನಿಸಿಕೊಂಡರೆ ಆದಾಯಕ್ಕೆ ಸೇರುವ ಮೊತ್ತ 14,800, ತೆರಿಗೆ 2,960 ಪೌಂಡ್. ಶೇ 40ರ ದರದವರಿಗೆ 1,608 ಇದ್ದದ್ದು 5,920 ಆಗುತ್ತದೆ. ಉದ್ಯೋಗದಾತರು ಇದರ ಮೇಲೆ ಶೇ 15ರಂತೆ ಕಟ್ಟುವ ರಾಷ್ಟ್ರೀಯ ವಿಮೆಯ ವಂತಿಗೆಯೂ 603ರಿಂದ 2,220 ಪೌಂಡಿಗೆ ಜಿಗಿಯುತ್ತದೆ. ಸ್ವಂತ ಓಡಾಟದ ಇಂಧನವನ್ನೂ ಕಂಪನಿಯೇ ಭರಿಸಿದರಂತೂ ಆದಾಯಕ್ಕೆ ಇನ್ನೂ 10,434 ಪೌಂಡ್ ಸೇರುತ್ತದೆ. ವ್ಯಾನಿಗೆ ಈ ಬಾಬ್ತು ಕೇವಲ 769.

ಇಷ್ಟು ಅಗಲವಾದ ಅಂತರದ ನಡುವೆ ಗಡಿಗೆರೆಯಾಗಿ ನಿಂತಿದ್ದದ್ದು ಒಂದು ಟನ್ ತೂಕ. 2002ರಿಂದ ಇಲಾಖೆ ಈ ವಿಷಯದಲ್ಲಿ ವ್ಯಾಟ್‌ನ ವ್ಯಾಖ್ಯೆಯನ್ನೇ ಅನುಸರಿಸುತ್ತ ಬಂದಿತ್ತು. ಡಬಲ್ ಕ್ಯಾಬ್ ಪಿಕಪ್ ಒಂದು ಟನ್ ಅಥವಾ ಹೆಚ್ಚು ಭಾರ ಹೊರಬಲ್ಲುದಾದರೆ ಅದು ವ್ಯಾನ್. ಆಡಳಿತಕ್ಕೆ ಇದಕ್ಕಿಂತ ಅನುಕೂಲಕರ ನಿಯಮವಿಲ್ಲ: ತಯಾರಕರ ವಿವರಪಟ್ಟಿ ನೋಡಿದರೆ ಸಾಕು, ವಾಗ್ವಾದ ಮುಗಿಯಿತು. ಆದರೆ ಆ ಒಂದು ಟನ್ ಹೊರುವ ವಾಹನ ಚರ್ಮದ ಹೊದಿಕೆಯ ಆಸನ, ಹವಾನಿಯಂತ್ರಣಗಳೊಂದಿಗೂ ಬರಬಹುದು ಎಂಬುದನ್ನು ಮಾರುಕಟ್ಟೆ ಬೇಗನೆ ಕಂಡುಕೊಂಡಿತು. ಜಲ್ಲಿಯನ್ನಾಗಲಿ ಕುರಿಯನ್ನಾಗಲಿ ಎಂದೂ ಹೊರದ, ವಾರಾಂತ್ಯದಲ್ಲಿ ಕುಟುಂಬವನ್ನು ಮಾತ್ರ ಹೊರುವ ‘ವ್ಯಾನ್’ಗಳು ಹುಟ್ಟಿಕೊಂಡದ್ದು ಹೀಗೆ.

ಗಂಟು ಬಿಚ್ಚಿದ್ದು ಬೇರೆಯೇ ವಾಹನಗಳ ಕುರಿತ ಒಂದು ಮೊಕದ್ದಮೆ. ಕೋಕಾ-ಕೋಲಾ ಕಂಪನಿ ತನ್ನ ತಂತ್ರಜ್ಞರಿಗೆ ಕೊಟ್ಟಿದ್ದ ವಾಕ್ಸ್‌ಹಾಲ್ ವಿವಾರೊ ಮತ್ತು ಫೋಕ್ಸ್‌ವ್ಯಾಗನ್ ಕೊಂಬಿ ವಾಹನಗಳಿಗೆ ಹಿಂದಿನ ಸಾಲಿನ ಆಸನಗಳಿದ್ದವು. ಕಾನೂನಿನ ಪ್ರಕಾರ ವಾಹನದ ನಿರ್ಮಾಣ ‘ಪ್ರಧಾನವಾಗಿ ಸರಕು ಸಾಗಣೆಗೆ ತಕ್ಕುದಾಗಿ’ ಇದ್ದರಷ್ಟೇ ಅದು ವ್ಯಾನ್. ಕೆಳಗಿನ ನ್ಯಾಯಮಂಡಳಿಗಳು ವಿವಾರೊ ವ್ಯಾನ್, ಕೊಂಬಿ ಕಾರು ಎಂದು ಹೇಳಿದವು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಎಲ್ಲವೂ ಕಾರುಗಳೇ ಎಂದಿತು. ಜನರಿಗೂ ಸರಕಿಗೂ ಸಮನಾಗಿ ಒಗ್ಗುವ ವಾಹನದಲ್ಲಿ ಸರಕು ಪ್ರಧಾನವೆನ್ನಲಾಗದು ಎಂಬುದು ಆ ತರ್ಕದ ತಿರುಳು. ಈ ಅಳತೆಗೋಲಿನ ಮುಂದೆ ಒಂದು ಟನ್ನಿನ ಇಲಾಖಾ ಸಂಪ್ರದಾಯ ನಿಲ್ಲುವಂತಿರಲಿಲ್ಲ.

ಆಮೇಲೆ ನಡೆದದ್ದು ಆಡಳಿತದಲ್ಲಿ ದುಡಿದವರಿಗೆ ಬೇಸರ ತರಿಸುವಂಥದು. 2024ರ ಫೆಬ್ರುವರಿ 12ರಂದು ಇಲಾಖೆ ಜುಲೈ 1ರಿಂದ ಹೊಸ ವ್ಯಾಖ್ಯೆ ಜಾರಿಯೆಂದು ಪ್ರಕಟಿಸಿತು. ರೈತರಿಂದಲೂ ವಾಹನೋದ್ಯಮದಿಂದಲೂ ಆಕ್ಷೇಪಗಳು ಬಂದವು. ಸರಿಯಾಗಿ ಒಂದು ವಾರಕ್ಕೆ, ಅಂದರೆ 19ರಂದು, ಅಂದಿನ ಕನ್ಸರ್ವೇಟಿವ್ ಸರ್ಕಾರ ಅದನ್ನು ಹಿಂತೆಗೆದುಕೊಂಡು, ಹಳೆಯ ಪದ್ಧತಿಗೆ ಶಾಸನದ ಬಲ ಕೊಡುವುದಾಗಿ ಹೇಳಿತು. ಆ ಶಾಸನ ಬರುವ ಮೊದಲೇ ಚುನಾವಣೆ ಬಂತು. ಲೇಬರ್ ಸರ್ಕಾರದ ಹಣಕಾಸು ಸಚಿವೆ ರೇಚಲ್ ರೀವ್ಸ್ ಅವರು ಅಕ್ಟೋಬರ್ 30ರಂದು ಮಂಡಿಸಿದ ಬಜೆಟ್ಟಿನಲ್ಲಿ ನ್ಯಾಯಾಲಯದ ವ್ಯಾಖ್ಯೆಯೇ ಮರಳಿ ಬಂತು. ಒಂದೇ ವರ್ಷದಲ್ಲಿ ಮೂರು ನಿಲುವು! ಐದಾರು ವರ್ಷ ಬಳಸಲೆಂದು ವಾಹನ ಕೊಳ್ಳುವ ಸಣ್ಣ ಉದ್ದಿಮೆದಾರ ಯಾವುದನ್ನು ನಂಬಿ ಲೆಕ್ಕ ಹಾಕಬೇಕಿತ್ತು?

ತೆರಿಗೆ ದರಕ್ಕಿಂತಲೂ ಹೆಚ್ಚಾಗಿ ನೋಯಿಸುವ ಸಂಗತಿಯೊಂದು ಇಲ್ಲಿ ಅಡಗಿದೆ. ವ್ಯಾನ್ ವಿಷಯದಲ್ಲಿ ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗಿಬರುವುದನ್ನು ಕಾನೂನು ಕ್ಷಮಿಸುತ್ತದೆ. ಉಳಿದ ಸ್ವಂತ ಬಳಕೆ ನಗಣ್ಯವಾಗಿದ್ದರೆ ತೆರಿಗೆಯೇ ಇಲ್ಲ. ಕಾರಿಗೆ ಈ ವಿನಾಯಿತಿ ಇಲ್ಲ. ಮನೆಗೆ ಒಯ್ದರೆ ಅದೇ ಸ್ವಂತ ಬಳಕೆ. ಕಟ್ಟಡದ ಕೆಲಸ ಮುಗಿಸಿ ಸಲಕರಣೆಗಳ ಸಮೇತ ಸಂಜೆ ಮನೆ ಸೇರಿ, ಬೆಳಿಗ್ಗೆ ಕಂಪನಿಯ ಅಂಗಳಕ್ಕೆ ಮರಳುವ ಮೇಸ್ತ್ರಿ ನಿನ್ನೆಯವರೆಗೆ ಕಟ್ಟುತ್ತಿದ್ದದ್ದು ಸೊನ್ನೆ. ಹೊಸ ಪಿಕಪ್ ಕೊಂಡ ಕಂಪನಿಯಲ್ಲಿ ಅದೇ ಮೇಸ್ತ್ರಿ, ಅದೇ ದಾರಿಯಲ್ಲಿ ಹೋಗಿಬಂದರೂ, 2,960 ಪೌಂಡ್ ಕಟ್ಟಬೇಕು. ಅದನ್ನು ಕುಟುಂಬದ ವಾಹನವನ್ನಾಗಿ ಮಾಡಿಕೊಂಡ ನಿರ್ದೇಶಕನಿಗೂ ಈತನಿಗೂ ನಿಯಮದ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ರೈತರ ಕೂಗಿನಲ್ಲಿ ಒಂದಂಶ ಮಾತ್ರ ಉತ್ಪ್ರೇಕ್ಷೆಯದು: ಸ್ವಂತ ಹೆಸರಿನಲ್ಲೋ ಪಾಲುದಾರಿಕೆಯಲ್ಲೋ ಬೇಸಾಯ ಮಾಡುವವರಿಗೆ ನೌಕರರ ಈ ಸೌಲಭ್ಯ ತೆರಿಗೆ ಅನ್ವಯಿಸುವುದೇ ಇಲ್ಲ. ಆದರೆ ಖರೀದಿ ವೆಚ್ಚವನ್ನು ಮೊದಲ ವರ್ಷವೇ ಪೂರ್ತಿ ಕಳೆದುಕೊಳ್ಳುವ ಅನುಕೂಲ ಅವರಿಗೂ ತಪ್ಪಿದೆ. ಹೆಚ್ಚು ಹೊಗೆಯ ಕಾರುಗಳಿಗೆ ಸಿಗುವುದು ವರ್ಷಕ್ಕೆ ಶೇ 6ರ ಸವಕಳಿ ಮಾತ್ರ. ಇಷ್ಟಾಗಿಯೂ ವ್ಯಾಟ್ ಲೆಕ್ಕದಲ್ಲಿ ಒಂದು ಟನ್ನಿನ ನಿಯಮ ಹಾಗೆಯೇ ಮುಂದುವರಿದಿದೆ. ಒಂದೇ ವಾಹನ ಒಂದು ಕಡತದಲ್ಲಿ ಕಾರು, ಇನ್ನೊಂದರಲ್ಲಿ ವ್ಯಾನ್.

ನಾವು ನಗುವ ಹಾಗಿಲ್ಲ. 2005ರಲ್ಲಿ ಚಿದಂಬರಂ ಅವರು ತಂದ ಫ್ರಿಂಜ್ ಬೆನಿಫಿಟ್ ತೆರಿಗೆ ಇಂಥ ಸೌಲಭ್ಯಗಳ ಹೊರೆಯನ್ನು ಕಂಪನಿಗಳ ಮೇಲೆ ಹಾಕಿ, ನಾಲ್ಕೇ ವರ್ಷಗಳಲ್ಲಿ, 2009ರಲ್ಲಿ, ರದ್ದಾಯಿತು. ಅದರ ಬಳಿಕ 1962ರ ಆದಾಯ ತೆರಿಗೆ ನಿಯಮಾವಳಿಯಲ್ಲಿ ದೀರ್ಘಕಾಲ ಇದ್ದ ಲೆಕ್ಕವನ್ನು ನೋಡಿ: ಕಚೇರಿಗೂ ಮನೆಗೂ ಬಳಕೆಯಾಗುವ ಕಂಪನಿ ಕಾರಿನ ಎಂಜಿನ್ 1.6 ಲೀಟರ್ ಮೀರಿದರೆ, ಖರ್ಚೆಲ್ಲ ಕಂಪನಿಯದೇ ಆದಾಗಲೂ ನೌಕರನ ಆದಾಯಕ್ಕೆ ಸೇರುತ್ತಿದ್ದದ್ದು ತಿಂಗಳಿಗೆ 2,400 ರೂಪಾಯಿ. ಚಾಲಕನಿದ್ದರೆ ಇನ್ನೊಂದು 900. ಕಾರು ಹದಿನೈದು ಲಕ್ಷದ್ದಾದರೂ ಅಷ್ಟೇ, ಕೋಟಿಯದ್ದಾದರೂ ಅಷ್ಟೇ. ಇನ್ನು 2006ರ ಬಜೆಟ್ಟು ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್‌ನ ಕಾರಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ, ಹಿಂಬದಿಯನ್ನು ಮೊಟಕುಗೊಳಿಸಿದ ಸೆಡಾನ್‌ಗಳು ನಮ್ಮ ರಸ್ತೆಗಳನ್ನು ತುಂಬಿದ್ದನ್ನು ಎಲ್ಲರೂ ಬಲ್ಲರು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಪರಿಷ್ಕರಣೆಯಲ್ಲೂ ಶೇ 18 ಮತ್ತು ಶೇ 40ರ ನಡುವೆ ಅದೇ ನಾಲ್ಕು ಮೀಟರಿನ ಟೇಪು ಎಳೆಯಲಾಯಿತು. ಬ್ರಿಟನ್ನಿನಲ್ಲಿ ತಕ್ಕಡಿ, ಇಲ್ಲಿ ಅಳತೆ ಪಟ್ಟಿ.

ನನ್ನ ಅಭಿಪ್ರಾಯದಲ್ಲಿ ಒಂದು ಟನ್ನಿನ ರಿಯಾಯಿತಿಯನ್ನು ತೆಗೆದದ್ದು ಸರಿ. ಅದರ ಜಾಗದಲ್ಲಿ ಇನ್ನೊಂದು ಆಕಾರದ ಪರೀಕ್ಷೆಯನ್ನೇ ತಂದು ಕೂರಿಸಿದ್ದು ಸರಿಯಲ್ಲ. ಕೆಲಸಕ್ಕೆ ಹೋಗಿಬರುವ ವಿನಾಯಿತಿಯನ್ನು ಭಾರ ಹೊರುವ ಪಿಕಪ್‌ಗಳಿಗೂ ವಿಸ್ತರಿಸಿ, ಅದಕ್ಕೆ ಪ್ರತಿಯಾಗಿ ಓಡಾಟದ ದಾಖಲೆ ಕೇಳಬಹುದಿತ್ತು. ದಾಖಲೆ ಸುಳ್ಳಾಗಬಹುದು ಎಂಬ ಆಕ್ಷೇಪ ಇದ್ದೇ ಇದೆ. ಸರ್ಕಾರಿ ಜೀಪಿನ ಲಾಗ್ ಪುಸ್ತಕವನ್ನು ತಿಂಗಳ ಕಡೆಯ ದಿನ ಒಂದೇ ಪೆನ್ನಿನಲ್ಲಿ ತುಂಬುವುದನ್ನು ಕಂಡ ನನ್ನಂಥವರು ಅದನ್ನು ಹಗುರಾಗಿ ತಳ್ಳಿಹಾಕಲಾರರು. ಆದರೆ ಈಗ ವಾಹನ ಎಲ್ಲಿತ್ತೆಂಬುದನ್ನು ಜಿಪಿಎಸ್ ಉಪಕರಣ ತಾನೇ ಬರೆದಿಡುತ್ತದೆ. ಅನೇಕ ಕಂಪನಿಗಳು ಕಳ್ಳತನದ ಭಯಕ್ಕೆ ಅದನ್ನು ಅಳವಡಿಸಿಕೊಂಡೂ ಇವೆ.

ಸದ್ಯಕ್ಕೆ ಬ್ರಿಟಿಷ್ ಕಂಪನಿಗಳ ಮುಂದಿರುವ ಲೆಕ್ಕ ಬೇರೆ. 2025ರ ಏಪ್ರಿಲ್ 6ಕ್ಕೆ ಮೊದಲು ಕೊಂಡ, ಗುತ್ತಿಗೆ ಪಡೆದ ಅಥವಾ ಬೇಡಿಕೆ ಸಲ್ಲಿಸಿದ ಪಿಕಪ್‌ಗಳು ಮಾರಾಟವಾಗುವ ಇಲ್ಲವೆ ಗುತ್ತಿಗೆ ಮುಗಿಯುವ ತನಕ, ಹೆಚ್ಚೆಂದರೆ 2029ರ ಏಪ್ರಿಲ್ 5ರ ತನಕ, ವ್ಯಾನ್‌ಗಳಾಗಿಯೇ ಇರುತ್ತವೆ. ಹಾಗಾಗಿ ಹಳೆಯ ಡೀಸೆಲ್ ಗಾಡಿಯನ್ನು ಮಾರದೆ, ದುರಸ್ತಿ ಮಾಡಿಸಿಕೊಂಡು ಓಡಿಸುವುದೇ ಆ ದಿನದವರೆಗೆ ಲಾಭದ ದಾರಿ.