ನಾಯಕನ ಪಕ್ಕದಲ್ಲಿ ನಿಂತವರು

ಹಳೆಯ ಕಾಮಿಕ್ಸ್ ಪಾತ್ರಗಳಿಗೆ ಸುಲಭವಾಗಿ ಸಾವು ಬರುವುದಿಲ್ಲ. ಮ್ಯಾಂಡ್ರೇಕ್, ಫ್ಯಾಂಟಮ್ ಕಥೆಗಳನ್ನು ತರುತ್ತಿದ್ದ ಇಂದ್ರಜಾಲ ಕಾಮಿಕ್ಸ್ 1990ರಲ್ಲೇ ನಿಂತುಹೋದರೂ ಅದರ ಮಾಸಿದ ಸಂಚಿಕೆಗಳನ್ನು ಹುಡುಕಿ ಕೊಳ್ಳುವವರು ಈಗಲೂ ಇದ್ದಾರೆ. ಟಿನ್‌ಟಿನ್ ಪುಸ್ತಕಗಳು ಇಂದಿಗೂ ಅಂಗಡಿಗಳಲ್ಲಿ ಸಿಗುತ್ತವೆ. ಅಮರ ಚಿತ್ರಕಥೆ ಕಾಗದ ದಾಟಿ ಮೊಬೈಲಿಗೂ ಬಂದಿದೆ. ಇವನ್ನು ಓದಿ ಬೆಳೆದ ತಲೆಮಾರು ಈಗ ಅಪ್ಪ ಅಮ್ಮಂದಿರ, ಅಜ್ಜ ಅಜ್ಜಿಯರ ಸ್ಥಾನದಲ್ಲಿದೆ. ಅದೇ ಪುಸ್ತಕವನ್ನು ಮಕ್ಕಳ ಕೈಗಿಡುವಾಗ ಕೇಳಿಕೊಳ್ಳಲೇಬೇಕಾದ ಪ್ರಶ್ನೆಯೊಂದಿದೆ: ಈ ಪಾತ್ರಗಳು ಇಂದಿನವರಿಗೆ ಏನನ್ನಾದರೂ ಹೇಳಬಲ್ಲವೇ?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಬಾಲ್ಯದ ಸವಿನೆನಪನ್ನು ಕೆದಕಿ ಪರೀಕ್ಷಿಸಬಾರದು ಎನ್ನುವುದು ಒಂದು. ಇವೆಲ್ಲ ವಸಾಹತುಶಾಹಿಯ, ಗಂಡಾಳಿಕೆಯ ಪಳೆಯುಳಿಕೆಗಳು, ಆಚೆಗೆ ಹಾಕಿ ಎನ್ನುವುದು ಇನ್ನೊಂದು. ಇಬ್ಬರೂ ನೋಡುವುದು ನಾಯಕನನ್ನು ಮಾತ್ರ. ನಾಯಕನಿಂದ ನಮಗೆ ತಿಳಿಯುವುದು ಬಹಳ ಕಡಿಮೆ. ಅವನು ಎಲ್ಲ ಕಾಲದಲ್ಲೂ ಧೀರ, ಎಲ್ಲ ಕಾಲದಲ್ಲೂ ನ್ಯಾಯವಂತ. ಒಂದು ಕಾಲ ಯಾರನ್ನು ಮನುಷ್ಯರೆಂದು ಎಣಿಸಿತ್ತು, ಯಾರನ್ನು ಎಣಿಸಿರಲಿಲ್ಲ ಎಂಬುದು ತಿಳಿಯಬೇಕಾದರೆ ಅವನ ಪಕ್ಕದಲ್ಲಿ ನಿಂತವರನ್ನು ನೋಡಬೇಕು. ಹಳೆಯ ಕಾಮಿಕ್ಸಿನ ಇಂದಿನ ಬೆಲೆ ಇರುವುದು ಅಲ್ಲಿ.

ಮ್ಯಾಂಡ್ರೇಕ್‌ನನ್ನೇ ತೆಗೆದುಕೊಳ್ಳಿ. ಅಮೆರಿಕದ ಲೀ ಫಾಕ್ 1934ರಲ್ಲಿ ಸೃಷ್ಟಿಸಿದ ಈ ಜಾದೂಗಾರನ ಜೊತೆಗೆ ಆರಂಭದಿಂದಲೂ ಲೋಥಾರ್ ಇದ್ದ. ಕಥೆಯ ಪ್ರಕಾರ ಅವನು ಆಫ್ರಿಕಾದ ಏಳು ನಾಡುಗಳ ರಾಜಕುಮಾರ, ಲೋಕದಲ್ಲೇ ಅತಿ ಬಲಶಾಲಿಗಳಲ್ಲಿ ಒಬ್ಬ. ಆದರೂ ಮೊದಲ ಮೂರು ದಶಕ ಅವನಿಗೆ ಸಿಕ್ಕಿದ್ದು ಚಿರತೆ ಚರ್ಮದ ಉಡುಗೆ, ತಲೆಗೊಂದು ಕೆಂಪು ಟೋಪಿ, ಬಾಯಿಗೆ ಹರಕುಮುರುಕು ಇಂಗ್ಲಿಷ್. ರಾಜಕುಮಾರನಾಗಿದ್ದೂ ಆಳಿನಂತೆ ಬದುಕುತ್ತಿದ್ದ. 1964ರ ಕೊನೆಗೆ ಚಿತ್ರಕಾರ ಫಿಲ್ ಡೇವಿಸ್ ತೀರಿಕೊಂಡು 1965ರಲ್ಲಿ ಫ್ರೆಡ್ ಫ್ರೆಡ್ರಿಕ್ಸ್ ಕುಂಚ ಹಿಡಿದ ಮೇಲೆ ಲೋಥಾರನ ಬಟ್ಟೆ ಬದಲಾಯಿತು, ಮಾತು ಸರಿಯಾಯಿತು, ಸೇವಕ ಗೆಳೆಯನಾದ. ಅಮೆರಿಕದ ಕಪ್ಪುಜನರಿಗೆ ಮತದಾನದ ಹಕ್ಕನ್ನು ಖಾತ್ರಿಪಡಿಸಿದ ಕಾಯ್ದೆ ಬಂದದ್ದೂ ಅದೇ 1965ರಲ್ಲಿ. ಮ್ಯಾಂಡ್ರೇಕ್‌ನ ಕೈಚಳಕ ಮಾತ್ರ ಅಂದು ಹೇಗಿತ್ತೋ ಇಂದೂ ಹಾಗೇ ಇದೆ. ಆ ಕಾಲದ ಸುದ್ದಿಯನ್ನು ನಮಗೆ ಮುಟ್ಟಿಸುವವನು ಲೋಥಾರ್.

ಲೀ ಫಾಕ್‌ನ ಇನ್ನೊಬ್ಬ ನಾಯಕ ಫ್ಯಾಂಟಮ್‌ನ ವಿಷಯ ಇನ್ನೂ ಜಟಿಲ. 1936ರ ಫೆಬ್ರವರಿ 17ರಂದು ದಿನಪತ್ರಿಕೆಯಲ್ಲಿ ಕಾಣಿಸಿಕೊಂಡ ಈ ಮುಸುಕುಧಾರಿಯ ಕಲ್ಪನೆ ಸೊಗಸಾದದ್ದು. 1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಪಾರಾಗಿ ದಡ ಸೇರಿದ ಯುವಕ ಅನ್ಯಾಯದ ವಿರುದ್ಧ ಹೋರಾಡುವ ಶಪಥ ಮಾಡುತ್ತಾನೆ. ಆ ಶಪಥ ಅಪ್ಪನಿಂದ ಮಗನಿಗೆ ದಾಟುತ್ತ ಇಪ್ಪತ್ತೊಂದನೆಯ ತಲೆಮಾರಿಗೆ ಬಂದಿದೆ. ಜನ ಮಾತ್ರ ಒಬ್ಬನೇ ಚಿರಂಜೀವಿ ನಾಲ್ಕು ಶತಮಾನದಿಂದ ಬದುಕಿದ್ದಾನೆಂದು ನಂಬಿದ್ದಾರೆ. ಒಬ್ಬ ವ್ಯಕ್ತಿಗಿಂತ ಅವನು ಹೊತ್ತ ಹೊಣೆ ದೊಡ್ಡದು ಎಂಬ ವಿಚಾರ ಇದರೊಳಗಿದೆ. ಆದರೆ ಅದೇ ಕಥೆಯಲ್ಲಿ ಬಿಳಿಯನೊಬ್ಬ ತಲೆಬುರುಡೆಯ ಸಿಂಹಾಸನದ ಮೇಲೆ ಕೂತಿದ್ದಾನೆ, ಕಪ್ಪು ಬಣ್ಣದ ಬುಡಕಟ್ಟುಗಳು ಅವನ ಮಾತಿಗೆ ತಲೆಬಾಗುತ್ತವೆ. ತಮ್ಮ ಕಾಡಿನಲ್ಲಿ ಶಾಂತಿ ಕಾಯಲು ಕಾಡಿನವರಿಗೇ ಬಾರದು ಎಂಬುದು ವಸಾಹತು ಆಡಳಿತದ ವಾದವೂ ಆಗಿತ್ತು.

ಇಲ್ಲೂ ಬದಲಾವಣೆ ಬಂದದ್ದು ಪಕ್ಕದವರ ಮೂಲಕ. ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ 1960ರ ದಶಕದಲ್ಲಿ ಫಾಕ್ ತನ್ನ ಕಥೆಯೊಳಗೆ ಲಮಾಂಡಾ ಲುವಾಗಾ ಎಂಬ ಆಫ್ರಿಕನ್ ವೈದ್ಯನನ್ನು ತಂದು, ಜನರಿಂದ ಚುನಾಯಿತನಾದ ಅಧ್ಯಕ್ಷನನ್ನಾಗಿ ಮಾಡಿದ. ನಾಯಕಿ ಡಯಾನಾ ವಿಶ್ವಸಂಸ್ಥೆಯಲ್ಲಿ ದುಡಿಯುವವಳಾದಳು. 1977ರಲ್ಲಿ ಫ್ಯಾಂಟಮ್‌ನೊಡನೆ ನಡೆದ ಅವಳ ಮದುವೆ ಕೆಲಸ ಬಿಟ್ಟ ಹೆಣ್ಣಿನ ಮದುವೆಯಾಗಲಿಲ್ಲ. ಆದರೂ ಬುರುಡೆಯ ಸಿಂಹಾಸನ ಅಲ್ಲೇ ಉಳಿಯಿತು. ಬಿರುಕು ಪೂರ್ತಿ ಮುಚ್ಚಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಫ್ಯಾಂಟಮ್‌ನನ್ನು ಓದಬೇಕು.

ಈ ಬದಲಾವಣೆಗಳಿಗೆ ಲೇಖಕರ ಒಳ್ಳೆಯತನವೊಂದೇ ಕಾರಣವಲ್ಲ. ಯಾರ ಬಗ್ಗೆ ಚಿತ್ರ ಬರೆಯಲಾಗಿತ್ತೋ ಅವರೇ ಓದುಗರಾದಾಗ, ತಮ್ಮ ಚಿತ್ರ ನೋಡಿ ಪ್ರಶ್ನಿಸಿದಾಗ ಕಾಮಿಕ್ಸ್ ಬದಲಾಗಿದೆ. ಇದಕ್ಕೆ ಟಿನ್‌ಟಿನ್‌ಗಿಂತ ಸ್ಪಷ್ಟ ಸಾಕ್ಷಿ ಇನ್ನೊಂದಿಲ್ಲ. ಬೆಲ್ಜಿಯಂನ ಹೆರ್ಜೆ 1930–31ರಲ್ಲಿ ಟಿನ್‌ಟಿನ್‌ನನ್ನು ಕಾಂಗೋಗೆ ಕಳಿಸಿದಾಗ ಅದು ಬೆಲ್ಜಿಯಂನ ವಸಾಹತು. ಹೆರ್ಜೆ ಆ ನಾಡನ್ನು ಕಂಡವನಲ್ಲ. ಅಲ್ಲಿನ ಜನ ಅವನ ಪುಟಗಳಲ್ಲಿ ದಪ್ಪ ತುಟಿಯ ಪೆದ್ದರಾಗಿ, ಬಿಳಿಯ ಹುಡುಗನಿಗೂ ಅವನ ನಾಯಿಗೂ ಕೈಮುಗಿಯುವವರಾಗಿ ಬಂದರು. ಮೂರೇ ವರ್ಷ ಕಳೆದು, 1934ರಲ್ಲಿ, ಚೀನಾದ ಕಥೆಗೆ ಕೈಹಾಕಿದಾಗ ಬ್ರಸೆಲ್ಸ್‌ನಲ್ಲಿ ಶಿಲ್ಪಕಲೆ ಕಲಿಯುತ್ತಿದ್ದ ಝಾಂಗ್ ಚೊಂಗ್‌ರೆನ್ ಎಂಬ ಚೀನೀ ವಿದ್ಯಾರ್ಥಿಯ ಪರಿಚಯವಾಯಿತು. ಚೀನೀಯರ ಬದುಕು, ಬರಹ, ಅವರ ಮೇಲೆ ಜಪಾನ್ ನಡೆಸುತ್ತಿದ್ದ ದಬ್ಬಾಳಿಕೆ ಎಲ್ಲವನ್ನೂ ಆತ ವಿವರಿಸಿದ. ಹಾಗೆ ಹುಟ್ಟಿದ ‘ದ ಬ್ಲೂ ಲೋಟಸ್’ನಲ್ಲಿ ಜಪಾನೀಯರು ನಡೆಸಿದ 1931ರ ರೈಲುಹಳಿ ಸ್ಫೋಟದ ಸಂಚು ಬಯಲಾಗುತ್ತದೆ, ಚೀನೀಯರ ಬಗ್ಗೆ ಯುರೋಪಿನಲ್ಲಿದ್ದ ಮೂಢ ಕಲ್ಪನೆಗಳನ್ನು ಟಿನ್‌ಟಿನ್ ಮತ್ತು ಚಾಂಗ್ ಎಂಬ ಹುಡುಗ ಮಾತಾಡಿಕೊಂಡು ನಗುತ್ತಾರೆ. ಆ ಚಾಂಗ್‌ನನ್ನೇ ಹುಡುಕಿಕೊಂಡು ಟಿನ್‌ಟಿನ್ ಮುಂದೆ ಟಿಬೆಟ್ಟಿನ ಹಿಮಕ್ಕೆ ಹೋದ. ಒಬ್ಬನೇ ಲೇಖಕ, ಒಬ್ಬನೇ ನಾಯಕ. ಕಾಂಗೋ ಕಥೆಗೂ ಚೀನಾ ಕಥೆಗೂ ನಡುವಿನ ಅಂತರ ಒಬ್ಬ ಮನುಷ್ಯನೊಡನೆ ಸರಿಸಮನಾಗಿ ಕೂತು ಆಡಿದ ಮಾತುಕತೆಯದು.

ಹಾಗಾದರೆ ಕಾಂಗೋ ಪುಸ್ತಕವನ್ನು ಏನು ಮಾಡಬೇಕು? 2007ರಲ್ಲಿ ಕಾಂಗೋ ಮೂಲದ ವಿದ್ಯಾರ್ಥಿಯೊಬ್ಬರು ಅದನ್ನು ತಡೆಯಬೇಕೆಂದು ಬೆಲ್ಜಿಯಂನಲ್ಲಿ ಕಾನೂನಿನ ಮೊರೆ ಹೋದರು. 2012ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಆ ವಿದ್ಯಾರ್ಥಿಯ ನೋವು ಸಾಚಾ ಆದದ್ದು. ತನ್ನ ಜನರನ್ನು ಕೋತಿಗಳಂತೆ ಬರೆದ ಪುಸ್ತಕ ಮಕ್ಕಳ ಕಪಾಟಿನಲ್ಲಿ ನಗುನಗುತ್ತ ಕೂತಿರುವುದನ್ನು ಯಾರೂ ಸಹಿಸಬೇಕಿಲ್ಲ. ಆದರೂ ನಿಷೇಧ ಬೇಡ ಎನ್ನುವುದು ನನ್ನ ಖಚಿತ ನಿಲುವು.

ಅದಕ್ಕೆ ಕಾಮಿಕ್ಸಿನ ಇತಿಹಾಸವೇ ಕಾರಣ ಕೊಡುತ್ತದೆ. 1954ರಲ್ಲಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆ ಎಂಬ ಕೂಗೆದ್ದು ಅಮೆರಿಕದ ಪ್ರಕಾಶಕರು ತಾವೇ ಒಂದು ನೀತಿಸಂಹಿತೆ ರೂಪಿಸಿಕೊಂಡರು. ಅದಕ್ಕೆ ಮುಂಚೆ, 1953ರಲ್ಲಿ, ಅಲ್ಲಿನ ಇಸಿ ಕಾಮಿಕ್ಸ್ ಎಂಬ ಪ್ರಕಾಶನ ಒಂದು ಕಥೆ ಪ್ರಕಟಿಸಿತ್ತು: ಬಣ್ಣದ ಮೇಲೆ ಭೇದ ಮಾಡುವ ಯಂತ್ರಮಾನವರ ಗ್ರಹಕ್ಕೆ ಭೂಮಿಯಿಂದ ತನಿಖಾಧಿಕಾರಿ ಬರುತ್ತಾನೆ, ಈ ತಾರತಮ್ಯ ಹೋಗುವವರೆಗೆ ನಿಮಗೆ ನಮ್ಮ ಒಕ್ಕೂಟದಲ್ಲಿ ಜಾಗವಿಲ್ಲ ಎಂದು ಹೇಳಿ ಹೊರಡುತ್ತಾನೆ, ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣ ತೆಗೆದಾಗ ಅವನೊಬ್ಬ ಕಪ್ಪು ಮನುಷ್ಯ. 1956ರಲ್ಲಿ ಅದನ್ನು ಮರುಮುದ್ರಿಸಲು ಹೊರಟಾಗ, ಅವನು ಕಪ್ಪಗಿರಬಾರದು ಎಂದು ಸಂಹಿತೆಯ ಅಧಿಕಾರಿ ಹಟ ಹಿಡಿದ. ಪ್ರಕಾಶಕ ಬಿಲ್ ಗೇನ್ಸ್ ಮಣಿಯದೆ ಇದ್ದಹಾಗೆಯೇ ಮುದ್ರಿಸಿದ. ಮಕ್ಕಳ ರಕ್ಷಣೆಗೆಂದು ಹುಟ್ಟಿದ ಅಧಿಕಾರ ಕತ್ತರಿ ಹಾಕಲು ಹೋದದ್ದು ಯಾವುದಕ್ಕೆ ಎಂಬುದನ್ನು ಮರೆಯಬಾರದು.

ಸದ್ದಿಲ್ಲದೆ ತಿದ್ದುವುದೂ ನನಗೆ ಒಪ್ಪಿಗೆಯಿಲ್ಲ. ಕಾಂಗೋದ ಮಕ್ಕಳಿಗೆ ಬೆಲ್ಜಿಯಂ ನಿಮ್ಮ ದೇಶವೆಂದು ಟಿನ್‌ಟಿನ್ ಪಾಠ ಹೇಳುವ ದೃಶ್ಯ ಮೊದಲ ಆವೃತ್ತಿಯಲ್ಲಿತ್ತು. 1946ರಲ್ಲಿ ಹೆರ್ಜೆ ಅದನ್ನು ತೆಗೆದು ಕೂಡುವ ಲೆಕ್ಕದ ಪಾಠ ಹಾಕಿದ. ಪುಸ್ತಕ ಸ್ವಲ್ಪ ಸಭ್ಯವಾಯಿತು, ನಿಜ. ಆದರೆ ವಸಾಹತು ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸಲಾಗುತ್ತಿತ್ತು ಎಂಬ ಸಾಕ್ಷ್ಯವೇ ಆ ಪುಟದಿಂದ ಹೋಯಿತು. ತಿದ್ದುವುದು ಲೇಖಕನ ಹಕ್ಕು. ತಿದ್ದಿದ್ದೇನೆಂದು ಹೇಳುವುದು ಅವನ ಕರ್ತವ್ಯ.

ಇದೇ ಕಣ್ಣಿನಿಂದ ನಮ್ಮದನ್ನೂ ನೋಡಬೇಕು, ಹೊರಗಿನವರ ತಪ್ಪು ಎಣಿಸಿ ನಿಲ್ಲಬಾರದು. ಅಮರ ಚಿತ್ರಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. 1967ರಿಂದ ಅವರು ಮಾಡಿದ ಕೆಲಸ ಸಾಮಾನ್ಯದ್ದಲ್ಲ. ಪುರಾಣವನ್ನು, ಚರಿತ್ರೆಯನ್ನು ಕೆಲವೇ ಪುಟಗಳಲ್ಲಿ ದೇಶದ ಹಲವು ಭಾಷೆಗಳ ಮಕ್ಕಳಿಗೆ ಮುಟ್ಟಿಸಿದರು; ಆ ಋಣ ನಮ್ಮೆಲ್ಲರ ಮೇಲಿದೆ. ಆದರೆ ಆ ಪುಟಗಳಲ್ಲಿ ದೇವತೆಗಳೂ ರಾಜರೂ ತಿಳಿಬಣ್ಣದವರು, ಅಸುರರು ಕಪ್ಪಗೆ ದಪ್ಪಗೆ ಇರುವವರು. ತರಗತಿಯಲ್ಲಿ ಕಪ್ಪು ಬಣ್ಣದ ಮಗುವೊಂದು ಆ ಚಿತ್ರಗಳಲ್ಲಿ ತನ್ನನ್ನು ಎಲ್ಲಿ ಗುರುತಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ವಿದ್ವಾಂಸರು ಎತ್ತಿ ಬಹಳ ಕಾಲವಾಯಿತು. ಮನೆಗಳಲ್ಲಿ ಇನ್ನೂ ಎತ್ತಿಲ್ಲ.

ಉತ್ತರ ಹೊಸ ಪುಸ್ತಕಗಳಿಂದ ಬರಬೇಕು, ಬಂದಿದೆ ಕೂಡ. ಇಂದ್ರಜಾಲ ಕಾಮಿಕ್ಸಿನಲ್ಲೇ 1976ರಲ್ಲಿ ಆಬಿದ್ ಸೂರ್ತಿ ‘ಬಹಾದುರ್’ನನ್ನು ಸೃಷ್ಟಿಸಿದರು. ಡಕಾಯಿತನ ಮಗನಾದ ಅವನು ಊರಿನ ಜನರನ್ನೇ ಕಟ್ಟಿಕೊಂಡು ಡಕಾಯಿತರನ್ನು ಎದುರಿಸುತ್ತಾನೆ. ಸಿಂಹಾಸನದ ಮೇಲಿನ ರಕ್ಷಕ ಅಲ್ಲಿ ಬೇಕಾಗಲಿಲ್ಲ. 2011ರ ‘ಭೀಮಾಯನ’ದಲ್ಲಿ ಅಂಬೇಡ್ಕರ್ ಅವರ ಬದುಕನ್ನು ಗೊಂಡ ಸಮುದಾಯದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿದರು. ಕಾಮಿಕ್ಸಿನ ಮಾಮೂಲಿ ಚೌಕಗಳೊಳಗೆ ಪಾತ್ರಗಳನ್ನು ಕೂಡಿಹಾಕಲು ಅವರು ಒಪ್ಪದೆ ತಮ್ಮ ಕಲೆಯ ರೀತಿಯಲ್ಲೇ ಪುಟ ತುಂಬಿದರು. ಬೇರೆಯವರ ಚಿತ್ರಗಳಲ್ಲಿ ಕಾಡಿನವರಾಗಿ ಮೂಲೆಯಲ್ಲಿ ನಿಲ್ಲುತ್ತಿದ್ದವರು ಇಲ್ಲಿ ಕುಂಚ ಹಿಡಿದಿದ್ದಾರೆ. ಲೋಥಾರನ ಬಟ್ಟೆ ಬದಲಾದದ್ದಕ್ಕಿಂತ ಇದು ದೊಡ್ಡ ಬದಲಾವಣೆ, ಏಕೆಂದರೆ ಇಲ್ಲಿ ಯಾರೂ ಇನ್ನೊಬ್ಬರಿಗೆ ಗೌರವವನ್ನು ದಯಪಾಲಿಸಿಲ್ಲ.

ಹಾಗಾಗಿ ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟು: ಹಳೆಯ ಕಾಮಿಕ್ಸನ್ನು ಇದ್ದಹಾಗೆ ಮುದ್ರಿಸಿ, ಮೊದಲು ಬಂದ ವರ್ಷವನ್ನು ಮುಖಪುಟದ ಬೆನ್ನಲ್ಲೇ ಹಾಕಿ, ಅಂದಿನ ಸಂದರ್ಭ ತಿಳಿಸುವ ಒಂದು ಪುಟದ ಮುನ್ನುಡಿ ಬರೆಸಿ. ಕಾಂಗೋ ಕಥೆಯಂಥದ್ದನ್ನು ಸಣ್ಣ ಮಕ್ಕಳ ಕಪಾಟಿನಿಂದ ದೊಡ್ಡವರ ಕಪಾಟಿಗೆ ಏರಿಸಿ. ಹಿರಿಯರಲ್ಲಿ ಕೋರಿಕೆ ಇನ್ನೂ ಸರಳ: ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ಎದ್ದುಹೋಗಬೇಡಿ, ಜೊತೆಗೆ ಕೂತು ಓದಿ. ಈ ಕಥೆಯಲ್ಲಿ ಮಾತಾಡುವವರು ಯಾರು, ಸಾಮಾನು ಹೊರುವವರು ಯಾರು, ಒಮ್ಮೆಯೂ ಬಾಯಿ ಬಿಡದವರು ಯಾರು ಎಂದು ಕೇಳಿ. ಈ ಮೂರು ಪ್ರಶ್ನೆ ಕೇಳಲು ಕಲಿತ ಮಗು ಫ್ಯಾಂಟಮ್‌ನನ್ನೂ ಖುಷಿಯಿಂದ ಓದುತ್ತದೆ, ನಾಳೆ ದಿನಪತ್ರಿಕೆಯನ್ನೂ ಎಚ್ಚರದಿಂದ ಓದುತ್ತದೆ.